ಮಗ್ಗುಲಾಗುವ ಊರಿನಲ್ಲಿ ಹೊಸ ಗಾಡಿ

ಹೊಸ ಗಾಡಿ ಕೊಂಡವನನ್ನು ಜನ ಮೊದಲು ಕೇಳುವುದು ಮೈಲೇಜ್ ಎಷ್ಟು ಕೊಡುತ್ತದೆ ಎಂದು. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. "ಇವತ್ತು ಎಲ್ಲಿ ನಿಂತ್ಕಂತು, ತಿಪ್ಪೇಶಣ್ಣ?" ಎಂದು ಕೇಳುತ್ತಿದ್ದರು. ಕೇಳುವಾಗ ಮುಖದಲ್ಲಿ ಕಾಳಜಿ ಇರುತ್ತಿತ್ತು, ಕಾಳಜಿಯ ಬೆನ್ನಿಗೇ ನಗುವೂ ಇರುತ್ತಿತ್ತು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಅವರು ಬಾಯಿ ತೆರೆಯುವ ಮೊದಲೇ "ಹುಣಸೇಮರದ ತಿರುವಲ್ಲಿ" ಎಂದು ನಾನೇ ಹೇಳಿ ಮುಂದೆ ಹೋಗುತ್ತಿದ್ದೆ. ಅಷ್ಟರ ಮಟ್ಟಿಗೆ ಅವರ ಖುಷಿ ಕಡಿಮೆಯಾಗುತ್ತಿತ್ತು.

ನನ್ನದು ಮಂಡಕ್ಕಿ ಸಾಗಿಸುವ ಕೆಲಸ. ಊರ ಅಂಚಿನ ಭಟ್ಟಿಗಳಲ್ಲಿ ಹುರಿದ ಮಂಡಕ್ಕಿಯನ್ನು ಬೆಳಿಗ್ಗೆ ಗಾಡಿಗೆ ಹೇರಿಕೊಂಡು ಊರೊಳಗಿನ ಅಂಗಡಿಗಳಿಗೂ, ಗಡಿಕಲ್ಲಿನಾಚೆಯ ಸಪಾಟು ಸೀಮೆಯ ಸಂತೆಗಳಿಗೂ ಮುಟ್ಟಿಸುತ್ತೇನೆ. ಮಂಡಕ್ಕಿ ಮೂಟೆ ನೋಡಲು ಆನೆಮರಿ, ಎತ್ತಿದರೆ ದಿಂಬು. ನನ್ನ ಹಳೇ ಗಾಡಿಗೆ ಇದೆಲ್ಲ ಗೊತ್ತಿತ್ತು. ಅದರ ಬಾಗಿಲನ್ನು ಹಗ್ಗದಿಂದ ಕಟ್ಟಬೇಕಿತ್ತು, ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು, ಆದರೆ ಒಂದು ದಿನವೂ ಅದು ನನ್ನನ್ನು ನಡುದಾರಿಯಲ್ಲಿ ಬಿಟ್ಟಿರಲಿಲ್ಲ. ಅದನ್ನು ಕೊಟ್ಟು ಹೊಸ ಪಿಕಪ್ ತಂದದ್ದು ಶೋಕಿಗೆ ಎಂದು ಊರವರು ಆಡಿಕೊಂಡರು. ನಾನು ತಂದದ್ದು ಹಾಲಮ್ಮನಿಗೋಸ್ಕರ.

ಹಾಲಮ್ಮ ನನ್ನ ಹೆಂಡತಿ. ಮನೆಯಲ್ಲಿ ನಾವಿಬ್ಬರೇ. ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಕಿವಿಗೆ ಇಳಿಯಿತು. ಕೊನೆಗೆ ಬಿಟ್ಟು ಹೋಗುವಾಗ ಅವಳ ಕಾಲಿನ ಅಂದಾಜನ್ನೂ ಜೊತೆಗೆ ಒಯ್ದಿತು. ಬೇರೆ ಊರಿನಲ್ಲಾಗಿದ್ದರೆ ಗೋಡೆ ಹಿಡಿದು ನಡೆದು ಹೇಗೋ ಸುಧಾರಿಸಿಕೊಳ್ಳುತ್ತಿದ್ದಳು. ನಮ್ಮ ಊರು ಬೆಳಿಗ್ಗೆ ಎಲ್ಲ ಕೆರೆಯ ಕಡೆಗೆ ವಾಲಿಕೊಂಡಿರುತ್ತದೆ, ನಡುಮಧ್ಯಾಹ್ನಕ್ಕೆ ಮಗ್ಗುಲಾಗುತ್ತದೆ, ಅಲ್ಲಿಂದ ಮುಂದೆ ಸಂತೆಮಾಳದ ಕಡೆಗೆ ವಾಲಿಕೊಳ್ಳುತ್ತದೆ. ರಾತ್ರಿ ಯಾವಾಗ ವಾಪಸ್ ಬರುತ್ತದೋ, ಮಲಗಿದವರಿಗೆ ತಿಳಿಯುವುದಿಲ್ಲ. ಹಾಗಾಗಿ ನಾವು ಲೋಟವನ್ನು ಮುಕ್ಕಾಲಿನ ಮೇಲೆ ತುಂಬುವುದಿಲ್ಲ. ತಟ್ಟೆಗಳಿಗೆ ಎತ್ತರದ ಅಂಚು ಇರುತ್ತದೆ, ಮಂಚಗಳನ್ನು ಗೋಡೆಗೆ ಕಟ್ಟಿರುತ್ತೇವೆ, ಮಕ್ಕಳು ಬೆಳಗಿನ ನಡಿಗೆ ಬೇರೆ, ಸಂಜೆಯ ನಡಿಗೆ ಬೇರೆ ಎಂದೇ ಕಲಿಯುತ್ತವೆ. ಮದುವೆಯಲ್ಲಿ ಹೆಣ್ಣನ್ನು ಸಂತೆಮಾಳದ ಬದಿಗೆ ಕೂರಿಸುವುದು ಪದ್ಧತಿ. ಬೆಳಿಗ್ಗೆ ತಾಳಿ ಕಟ್ಟುವಾಗ ಅವಳು ಗಂಡಿನ ಕಡೆಗೆ ವಾಲುತ್ತಾಳೆ, ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡು ಅವಳ ಕಡೆಗೆ ವಾಲುತ್ತಾನೆ. ನಾನು ವಾಲಿದ ರಭಸಕ್ಕೆ ಹಾಲಮ್ಮನ ಎಲೆಯ ಪಾಯಸ ಅವಳ ಸೀರೆಯ ಮೇಲೆ ಹೋಗಿತ್ತು. ಸೀರೆ ಹರಿದು ಎಷ್ಟೋ ಕಾಲವಾಯಿತು, ಆ ಮಾತು ಮಾತ್ರ ಇನ್ನೂ ಹೊಸದಾಗಿದೆ.

ಮಗ್ಗುಲಾಗುವ ಹೊತ್ತಿಗೆ ನಮ್ಮಲ್ಲಿ ಒಂದು ಕಟ್ಟಳೆ. ಪಕ್ಕದಲ್ಲಿ ಯಾರಿದ್ದರೂ ಸರಿ, ಅವರ ಕೈ ಹಿಡಿದು ಕಣ್ಣು ಮುಚ್ಚಬೇಕು. ಊರು ಪೂರ್ತಿ ವಾಲಿ ನಿಂತ ಮೇಲೆ ಬಿಡಬೇಕು. ಯಾರ ಕೈ ಎಂದು ಆರಿಸುವಂತಿಲ್ಲ. ಗೋಡೆಯ ವ್ಯಾಜ್ಯಕ್ಕೆ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಅದೇ ಗೋಡೆಯ ಮೇಲಿಂದ ಕೈ ಚಾಚಿ ಹಿಡಿದುಕೊಳ್ಳುವುದನ್ನು ನಾನು ಕಣ್ಣು ಮುಚ್ಚುವ ಮೊದಲು ಎಷ್ಟೋ ಸಲ ಕಂಡಿದ್ದೇನೆ. ಕೈ ಬಿಟ್ಟ ಕೂಡಲೇ ಬೈದಾಟ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು.

ಜ್ವರದ ನಂತರ ಹಾಲಮ್ಮ ಬೆಳಗಿನ ನಡಿಗೆಯನ್ನು ಸಂಜೆ ನಡೆದು ಎರಡು ಸಲ ಬಿದ್ದಳು. ಎರಡನೇ ಸಲ ಒಲೆಯ ಪಕ್ಕದಲ್ಲೇ ಬಿದ್ದಿದ್ದಳು, ನಾನು ಬರುವವರೆಗೆ ಹಾಗೇ ಮಲಗಿದ್ದಳು. ಸಪಾಟು ಸೀಮೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಕಿವಿಯೊಳಗೆ ಒಂದು ಮಟ್ಟ ಇರುತ್ತೆ, ಇವರದ್ದು ಕೆಟ್ಟಿದೆ. ನಿಧಾನಕ್ಕೆ ಸರಿಹೋಗಬಹುದು, ಹೋಗದೇನೂ ಇರಬಹುದು. ಅಲ್ಲೀತನಕ ಸಪಾಟು ಜಾಗದಲ್ಲಿರೋದು ಒಳ್ಳೇದು" ಎಂದರು. ಆ ಸೀಮೆಗೇ ಮದುವೆಯಾಗಿ ಹೋದ ಅವಳ ತಂಗಿ ಕೊಟ್ರಮ್ಮ ಅಲ್ಲೇ ನಿಂತಿದ್ದಳು. "ಅಕ್ಕನ್ನ ನನ್ನ ಮನೇಲಿ ಬಿಡ್ರಿ ಭಾವ" ಎಂದು ನನ್ನ ಕೈ ಹಿಡಿದಳು. ನಾನು ಗೋಡೆಯ ಕಡೆ ತಿರುಗಿದೆ. ಕೊನೆಗೆ ಹಾಲಮ್ಮನೇ, "ಇನ್ನೊಂದ್ಸಲ ಬಿದ್ರೆ ಬರ್ತೀನಿ ಕಣೇ, ಖಂಡಿತ ಬರ್ತೀನಿ" ಎಂದು ಮಾತು ಕೊಟ್ಟಳು. ಕೊಟ್ಟ ಮಾತಿನಿಂದ ಅವಳು ಹಿಂದೆ ಸರಿದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಅವಳು ಬೀಳಬಾರದು, ಅಷ್ಟೇ ತಾನೇ ಎಂದುಕೊಂಡೆ. ಹೊಸ ಪಿಕಪ್ಪಿನಲ್ಲಿ ಮೆತ್ತನೆಯ ಸೀಟು ಇತ್ತು, ಭುಜದಿಂದ ಸೊಂಟದವರೆಗೆ ಬಿಗಿದು ಹಿಡಿಯುವ ಬೆಲ್ಟು ಇತ್ತು. ಅದನ್ನು ಹಾಕಿ ಕೂತರೆ ಊರು ಯಾವ ಕಡೆ ಹೊರಳಿದರೂ ಬೀಳುವ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಅವಳನ್ನು ಎತ್ತಿ ಕೂರಿಸಿದರೆ ಸಂಜೆಯವರೆಗೆ ನನ್ನ ಪಕ್ಕದಲ್ಲೇ ಇರುತ್ತಾಳೆ. ಗಾಡಿ ಓಡಿದರೆ ಹಾಲಮ್ಮ ನನ್ನ ಜೊತೆ, ಗಾಡಿ ಕೈಕೊಟ್ಟರೆ ಮನೆಯಲ್ಲಿ ಒಬ್ಬಳೇ, ಒಬ್ಬಳೇ ಇದ್ದರೆ ಬೀಳುತ್ತಾಳೆ, ಬಿದ್ದರೆ ಹೋಗುತ್ತಾಳೆ. ನಾನು ಡ್ಯಾಶ್‌ಬೋರ್ಡಿನ ಒಂದೊಂದು ದೀಪವನ್ನೂ ಎದೆ ಹಿಡಿದುಕೊಂಡು ನೋಡುತ್ತಿದ್ದದ್ದು ಇದಕ್ಕೆ.

ಆ ದೀಪಗಳೋ, ದಿನಕ್ಕೊಂದು ಹೊಸದು ಹತ್ತುತ್ತಿತ್ತು. ಬಾಗಿಲು ಮುಚ್ಚಿದ್ದರೂ ತೆರೆದಿದೆ ಎನ್ನುವುದು ಒಂದು. ಮೂಟೆ ಸ್ವಲ್ಪ ಹಿಂದಕ್ಕೆ ಜೋತುಬಿದ್ದರೆ ಹಿಂದೆ ಯಾರೋ ನಿಂತಿದ್ದಾರೆ ಎಂದು ಕಿರುಚುವುದು ಇನ್ನೊಂದು. ತುಂಬ ಹೇರಿದ್ದರೂ ಗಾಡಿ ಖಾಲಿ ಎಂದೇ ತೋರಿಸುವುದು ಮತ್ತೊಂದು, ಮಂಡಕ್ಕಿಯನ್ನು ಅದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಮಧ್ಯಾಹ್ನ ಊರು ಮಗ್ಗುಲಾದ ಕೂಡಲೇ ಎಂಜಿನ್ ತಾನಾಗಿ ನಿಲ್ಲುತ್ತಿತ್ತು, ಬಾಗಿಲುಗಳ ಲಾಕ್ ಟಕ್ಕೆಂದು ಬಿಚ್ಚಿಕೊಳ್ಳುತ್ತಿತ್ತು, ನಾಲ್ಕೂ ಕಡೆ ದೀಪಗಳು ಕಣ್ಣು ಮಿಟುಕಿಸುತ್ತಿದ್ದವು. ಮೊದಲ ದಿನ ತಲೆಯ ಮೇಲಿನ ಸ್ಪೀಕರಿನಿಂದ ಒಂದು ಹೆಣ್ಣುಮಗಳ ದನಿಯೂ ಬಂತು.

"ನಮಸ್ಕಾರ, ಸಹಾಯ ಕೇಂದ್ರದಿಂದ ಭಾವನಾ ಮಾತಾಡ್ತಿದೀನಿ. ನಿಮ್ಮ ವಾಹನ ಪಲ್ಟಿಯಾಗಿದೆ ಅಂತ ಮಾಹಿತಿ ಬಂದಿದೆ. ಯಾರಿಗಾದ್ರೂ ಪೆಟ್ಟಾಗಿದೆಯಾ?"

ನಾನು ಬೆಚ್ಚಿ ಸುತ್ತ ನೋಡಿದೆ. ಹಾಲಮ್ಮ ಸ್ವಲ್ಪವೂ ಗಾಬರಿಯಾಗದೆ ಮೇಲೆ ನೋಡಿ ಉತ್ತರ ಕೊಟ್ಟಳು. "ಪಲ್ಟಿ ಏನಿಲ್ಲ ಕಣಮ್ಮ, ಊರು ಮಗ್ಗುಲಾತು ಅಷ್ಟೆ. ನಿಂದು ಊಟ ಆತಾ?"

"ಇಲ್ಲ ಮೇಡಂ, ಇನ್ನೂ ಆಗಿಲ್ಲ. ನೀವೆಲ್ಲಿದ್ದೀರಾ ಹೇಳ್ತೀರಾ? ನಮ್ಮ ಮ್ಯಾಪಲ್ಲಿ ನೀವಿರೋ ಕಡೆ ಏನೂ ಕಾಣಿಸ್ತಿಲ್ಲ."

"ನಾವೆಲ್ಲಿ ಹೋಗ್ತೀವಿ, ಇಲ್ಲೇ ಇದೀವಿ" ಎಂದಳು ಹಾಲಮ್ಮ.

ಅಂದಿನಿಂದ ಅದು ನಿತ್ಯದ ಮಾತಾಯಿತು. ಕೆಲವೇ ದಿನಗಳಲ್ಲಿ ಮೇಡಂ ಹೋಗಿ ಅಮ್ಮ ಆಯಿತು. ಭಾವನಾಳ ಅತ್ತಿಗೆಯ ಬಾಣಂತನ, ಬದನೆಕಾಯಿಯ ಹುಳುಕು, ಎಲ್ಲವನ್ನೂ ಅವರಿಬ್ಬರು ಮಾತಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಸ್ಟೇರಿಂಗ್ ಹಿಡಿದು ಗಾಡಿ ಯಾವಾಗ ಕೃಪೆ ಮಾಡುತ್ತದೋ ಎಂದು ಕಾಯುತ್ತಿದ್ದೆ. ಕೆಲವು ದಿನ ಸಂಜೆಯವರೆಗೂ ಕೃಪೆಯಾಗುತ್ತಿರಲಿಲ್ಲ. ಆಗ ಹಾಲಮ್ಮನನ್ನು ಇಳಿಸಿ, ಸೊಂಟಕ್ಕೆ ಕೈ ಸುತ್ತಿ ಮನೆಗೆ ನಡೆಸಿಕೊಂಡು ಹೋಗಬೇಕಿತ್ತು. ದಾರಿಯುದ್ದಕ್ಕೂ ನನ್ನ ಜೀವ ನನ್ನ ಕೈಯಲ್ಲಿರುತ್ತಿರಲಿಲ್ಲ.

ಸಪಾಟು ಸೀಮೆಯ ಶೋರೂಮಿಗೆ ಎರಡು ಸಲ ಗಾಡಿ ಒಯ್ದೆ. ಅಲ್ಲಿ ಅದು ಬೀಗರ ಮನೆಗೆ ಬಂದ ಮಗುವಿನಷ್ಟು ಮರ್ಯಾದೆಯಿಂದ ನಡೆದುಕೊಂಡಿತು. ಒಂದು ದೀಪ ಹತ್ತಲಿಲ್ಲ, ಒಂದು ಸದ್ದು ಮಾಡಲಿಲ್ಲ. "ಗಾಡೀಲಿ ಏನೂ ತೊಂದ್ರೆ ಇಲ್ಲ ಯಜಮಾನ್ರೇ" ಎಂದು ಅವರು ನನ್ನನ್ನೇ ಸಂಶಯದಿಂದ ನೋಡಿದರು. ಮೊದಲ ಸಲ ಹೊಸ ಸೆನ್ಸರ್ ಹಾಕಿ ಕಳಿಸಿದರು. ಎರಡನೇ ಸಲ ಅದಕ್ಕಿಂತ ಹೊಸದನ್ನು ಹಾಕಿದರು. ಮೂರನೇ ಸಲ ನಾನು ಫೋನಿನಲ್ಲೇ ಕೂಗಾಡಿದ ಮೇಲೆ ಜಬೀವುಲ್ಲಾ ಎಂಬ ಮೆಕ್ಯಾನಿಕ್ಕನ್ನು ನಮ್ಮ ಊರಿಗೇ ಕಳಿಸಿದರು.

ಜಬೀವುಲ್ಲಾ ನಲವತ್ತರ ಆಸುಪಾಸಿನ, ಮೆಲುಮಾತಿನ ಮನುಷ್ಯ. ಲ್ಯಾಪ್‌ಟಾಪ್ ಚೀಲವನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಬಂದ. ಅವನು ಬಂದು ಕೂರುವಷ್ಟರಲ್ಲೇ ಮಧ್ಯಾಹ್ನವಾಗಿ ಊರು ಮಗ್ಗುಲಾಯಿತು. ಪಾಪ, ಯಾರೂ ಅವನಿಗೆ ಹೇಳಿರಲಿಲ್ಲ. "ಯಾ ಅಲ್ಲಾ" ಎಂದು ನಮ್ಮ ಪಡಸಾಲೆಯ ಕಂಬವನ್ನು ತಬ್ಬಿಕೊಂಡ. ಅದೇ ಕಂಬವನ್ನು ಆ ಕಡೆಯಿಂದ ಹಾಲಮ್ಮ ತಬ್ಬಿದ್ದಳು. ನಾನು ಒಂದು ಕೈಯಲ್ಲಿ ಅವಳ ಕೈ, ಇನ್ನೊಂದರಲ್ಲಿ ಅವನ ಕೈ ಹಿಡಿದು ಕಣ್ಣು ಮುಚ್ಚಿದೆ. ಊರು ನಿಂತ ಮೇಲೆ ಇಬ್ಬರೂ ಕಂಬದ ಎರಡು ಕಡೆಯಿಂದ ಇಣುಕಿ ಒಬ್ಬರನ್ನೊಬ್ಬರು ನೋಡಿ ನಕ್ಕರು. "ನಿಮ್ಗೂ ತಿರುಗುತ್ತಾ ಅಕ್ಕ?" ಎಂದ. "ನಂಗೆ ಯಾವಾಗ್ಲೂ ತಿರುಗ್ತಾನೇ ಇರುತ್ತೆ ತಮ್ಮ, ನಿಂಗೆ ಇವತ್ತು ಮಾತ್ರ" ಎಂದಳು. ಅಲ್ಲಿಂದ ಅವನು ನಮ್ಮ ಮನೆಯವನಾದ.

ಅವನು ಗಾಡಿಗೆ ತಂತಿ ಚುಚ್ಚಿ, ಸ್ಕ್ರೀನ್ ನೋಡಿ, ವಿಷಯವನ್ನು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಗಾಡಿಯೊಳಗೆ ವಾಲಿಕೆ ಅಳೆಯುವ ಒಂದು ಸೆನ್ಸರ್ ಇದೆ. ಪದೇ ಪದೇ ಬದಲಾಯಿಸಿದ್ದರಿಂದ ಅದಕ್ಕೆ ಯಾವುದು ಸಮ, ಯಾವುದು ವಾರೆ ಎಂಬುದೇ ಮರೆತುಹೋಗಿದೆ. "ಒಂದ್ಸಲ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ‘ಇದು ಸಮ’ ಅಂತ ಕಲಿಸಿಬಿಟ್ರೆ ಸಾಕಣ್ಣ. ಆಮೇಲೆ ಈ ಕಡೆ ಇಷ್ಟು, ಆ ಕಡೆ ಇಷ್ಟು ವಾಲಿದ್ರೂ ಸುಮ್ನಿರು ಅಂತ ನಾನು ಅದಕ್ಕೆ ಹೇಳ್ತೀನಿ. ಶೋರೂಮಲ್ಲಿ ಕಲಿಸಿದ್ದು ಇಲ್ಲಿಗೆ ಬಂದ ತಕ್ಷಣ ಕೆಡ್ತಾ ಐತೆ, ಇಲ್ಲೇ ಕಲಿಸ್ಬೇಕು. ನಿಮ್ಮೂರಲ್ಲಿ ಸಮತಟ್ಟು ಜಾಗ ಎಲ್ಲೈತೆ?"

ಈ ಒಂದು ಪ್ರಶ್ನೆಗೆ ಊರೇ ಎದ್ದು ನಿಂತಿತು. ನಮ್ಮ ಅಂಗಳ ಸಮ ಎಂದು ಪಕ್ಕದ ಮನೆಯವರು, ಅವರದ್ದೇನು ಸಮ, ನಮ್ಮ ಕಟ್ಟೆ ಸಮ ಎಂದು ಎದುರು ಮನೆಯವರು. ಸ್ಕೂಲಿನ ಮೇಷ್ಟ್ರು ಆಟದ ಮೈದಾನದ ಪರವಾಗಿ ವಾದಿಸಿದರು, ಅಲ್ಲಿ ಚೆಂಡು ಬಿಟ್ಟರೆ ಕೆರೆಯಲ್ಲಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೊನೆಗೆ ಗಾರೆ ಓಂಕಾರಣ್ಣನನ್ನು ಕರೆಸಿದೆವು. ಊರಿನ ಅರ್ಧ ಮನೆಗಳು ಅವನು ಕಟ್ಟಿದವು. ಮರುದಿನ ಬೆಳಿಗ್ಗೆ ಅವನು ಗುಳ್ಳೆ ಓಡಾಡುವ ಗಾಜಿನ ನಳಿಕೆಯ ತನ್ನ ರಸಮಟ್ಟವನ್ನು ಒರೆಸಿಕೊಂಡು ಬಂದು, ಗಾಡಿಯ ಮೇಲಿಟ್ಟು, ಭಟ್ಟಿಯ ಹಿಂದಿನ ಜಾಗದಲ್ಲಿ ಒಂದು ಕಡೆ ಕಂಡುಕೊಂಡ. "ಗುಳ್ಳೆ ಗೆರೆ ಮೇಲೆ ಕೂತೈತೆ ನೋಡು" ಎಂದ. ನಾನೂ ಬಗ್ಗಿ ನೋಡಿದೆ. ಗುಳ್ಳೆ ಗೆರೆಯ ಮೇಲೆ ಕೂತಿತ್ತು. "ನನ್ ತಲೆ ಇನ್ನೂ ನನ್ ಮಾತು ಕೇಳ್ತಿಲ್ಲ, ನೀವು ಹೇಳಿದ್ರೆ ಸರಿ" ಎಂದು ಜಬೀವುಲ್ಲಾ ಗುಂಡಿ ಒತ್ತಿದ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿದವು. ನನಗೆ ಆದ ಸಂತೋಷಕ್ಕೆ ಓಂಕಾರಣ್ಣನ ಮೈಗೆ ಗಾರೆ ಮೆತ್ತಿದ್ದರೂ ಅವನನ್ನು ಅಪ್ಪಿಕೊಂಡೆ.

ಅವತ್ತು ಮಧ್ಯಾಹ್ನ ನಾನು ಹುಣಸೇಮರದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಅಂಗಡಿಯೊಂದಕ್ಕೆ ಮೂಟೆ ಹೊತ್ತೆ. ಹಾಲಮ್ಮ ಸೀಟಿನಲ್ಲಿ ಬೆಲ್ಟು ಹಾಕಿ ಕೂತಿದ್ದಳು. ಅಂಗಡಿಯಲ್ಲಿ ಚಿಲ್ಲರೆ ಹುಡುಕುತ್ತ ಹೊತ್ತಾಯಿತು, ಅಷ್ಟರಲ್ಲಿ ಊರು ಮಗ್ಗುಲಾಯಿತು. ನಾನು ಅಂಗಡಿಯವನ ಕೈ ಹಿಡಿದು ಕಣ್ಣು ಮುಚ್ಚಿದೆ. ಕಣ್ಣು ತೆರೆದು ಹೊರಗೆ ಬಂದರೆ ಗಾಡಿ ಎಂದಿಗಿಂತ ಜೋರಾಗಿ ಅರಚಿಕೊಳ್ಳುತ್ತಿತ್ತು, ಬಾಗಿಲು ತೆರೆದಿತ್ತು, ಹಾಲಮ್ಮ ನೆಲದ ಮೇಲಿದ್ದಳು.

ಹಣೆ ಒಡೆದಿತ್ತು, ಮೊಣಕಾಲು ತರಚಿತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟವಲು ಒತ್ತಿದೆ. ಗಾಡಿಯೊಳಗಿಂದ ಭಾವನಾ, "ಅಮ್ಮ, ಅಮ್ಮ, ಮಾತಾಡಿ ಅಮ್ಮ" ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದಳು.

"ಯಾಕೆ ಇಳಿದೆ?" ಎಂದು ಗದರಿದೆ. ಗದರಿದರೂ ನನಗೆ ಅಳು ಬಂದಿತ್ತು.

"ಈ ಸಲ ಗಾಡಿ ತುಂಬಾನೇ ವಾಲೈತೆ, ಬೇಗ ಇಳ್ದು ದೂರ ಹೋಗಿ ಅಂದ್ಲು. ನಾನು ಏನೂ ಆಗಿಲ್ಲ ಅಂದ್ರೂ ನಂಬ್ಲಿಲ್ಲ ಕಣ್ರೀ. ಆ ಹುಡುಗಿ ಭಾರಿ ಗಾಬರಿ ಆಗಿದ್ಲು. ಅವಳ ಸಮಾಧಾನಕ್ಕೆ ಇಳ್ದೆ." ಆಮೇಲೆ ಗಾಡಿಯ ಕಡೆ ತಿರುಗಿ, "ಏನಾಗಿಲ್ಲ ಕಣಮ್ಮ, ಅಳಬ್ಯಾಡ" ಎಂದಳು.

ಸಂಜೆ ಹಣೆಗೆ ಪಟ್ಟಿ ಕಟ್ಟಿಕೊಂಡೇ ಅವಳು ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕತೊಡಗಿದಳು. ನಾನು ಚೀಲದಿಂದ ಒಂದು ಸೀರೆ ತೆಗೆದು ಪೆಟ್ಟಿಗೆಗೆ ಹಾಕಿದೆ. ಅವಳು ಅದನ್ನೇ ತೆಗೆದು ಮತ್ತೆ ಚೀಲಕ್ಕೆ ಹಾಕಿದಳು. "ಮಾತು ಕೊಟ್ಟೀನಿ" ಎಂದಳು. "ಅದು ಬಿದ್ದ ಲೆಕ್ಕ ಅಲ್ಲ, ಗಾಡಿ ಬೀಳಿಸಿದ್ದು" ಎಂದೆ. "ನಾಳೆ ನಾನು ಒಲೆ ಮೇಲೇ ಬಿದ್ರೆ ನೀವು ಬದುಕಿರ್ತೀರಾ?" ಎಂದು ಕೇಳಿದಳು. ನನ್ನ ಭಯವನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಅವಳಿಗೆ ಗೊತ್ತಿತ್ತು.

ಪಡಸಾಲೆಯಲ್ಲಿ ಜಬೀವುಲ್ಲಾ ಮತ್ತು ಓಂಕಾರಣ್ಣ ತಲೆ ತಗ್ಗಿಸಿ ಕೂತಿದ್ದರು. ಜಬೀವುಲ್ಲಾ ರಸಮಟ್ಟವನ್ನು ಕೈಯಲ್ಲಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಇದ್ರಲ್ಲಿ ಎರಡು ಗೆರೆ ಐತಲ್ಲಣ್ಣ, ಎರಡೂ ಬದಿಗೆ. ನಡುವಿನ ಗೆರೆ ಎಲ್ಲಿ?"

"ಇದು ಬೆಳಗಿನ ಗೆರೆ, ಇದು ಸಂಜೆ ಗೆರೆ" ಎಂದ ಓಂಕಾರಣ್ಣ. "ನಮ್ಮಪ್ಪನ ಕಾಲದಿಂದ್ಲೂ ಇಷ್ಟೇ. ನಡುವಿಂದು ಯಾರಿಗೆ ಬೇಕು?"

ಜಬೀವುಲ್ಲಾ ಕಣ್ಣು ಮುಚ್ಚಿಕೊಂಡ. ನನಗೂ ನಿಧಾನವಾಗಿ ಅರ್ಥವಾಯಿತು. ಕೆರೆಯ ಕಡೆಗಿನ ವಾಲಿಕೆಯನ್ನೇ ನಾವು ಗಾಡಿಗೆ ಸಮ ಎಂದು ಕಲಿಸಿದ್ದೆವು. ಊರು ಆ ಕಡೆಗೆ ಹೊರಳಿದಾಗ ಅದರ ಲೆಕ್ಕದಲ್ಲಿ ಎರಡು ಪಾಲು ವಾಲಿದಂತಾಗಿ ನಿಜವಾಗಿಯೂ ಉರುಳಿದೆ ಎಂದೇ ನಂಬಿತ್ತು. ಗಾಡಿಯನ್ನು ಬೈದು ಏನು ಮಾಡುವುದು, ನಾವು ಹೇಳಿದ್ದನ್ನೇ ಅದು ನಂಬಿತ್ತು.

"ಹಂಗಾದ್ರೆ ನಿಮ್ಮೂರು ಸಮ ಇರೋದು ಹೊರಳ್ತಾ ಇರುವಾಗ, ನಡುವಲ್ಲಿ ಒಂದು ಗಳಿಗೆ ಮಾತ್ರ" ಎಂದ ಜಬೀವುಲ್ಲಾ. "ಆ ಗಳಿಗೇಲಿ ಗುಂಡಿ ಒತ್ತಬೇಕು. ನಾಳೆ ಅದನ್ನ ಮಾಡಿಯೇ ನಾನು ಹೋಗೋದು."

"ಮಾಡ್ಕಳ್ರಪ್ಪ" ಎಂದಳು ಹಾಲಮ್ಮ ಒಳಗಿಂದ. "ನಾಡಿದ್ದು ಅದ್ರಲ್ಲೇ ನನ್ನ ಬಿಟ್ಟು ಬರ್ಲಿ."

ಮರುದಿನ ಮಧ್ಯಾಹ್ನ ಗಾಡಿಯನ್ನು ಭಟ್ಟಿಯ ಹಿಂದೆ ನಿಲ್ಲಿಸಿದೆವು. ಹಾಲಮ್ಮನನ್ನು ಮನೆಯಲ್ಲಿ ಬಿಡಲು ಮನಸ್ಸಾಗದೆ ಸೀಟಿನಲ್ಲಿ ಕೂರಿಸಿದ್ದೆ. ಓಂಕಾರಣ್ಣ ಮುಂದೆ ನಿಂತು ರಸಮಟ್ಟ ನೋಡಬೇಕು, ಅವನು ಕೂಗಿದಾಗ ಜಬೀವುಲ್ಲಾ ಒತ್ತಬೇಕು. ಆದರೆ ಹುಟ್ಟಿದಾಗಿನಿಂದ ಆ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ಬಂದ ಮನುಷ್ಯ ಓಂಕಾರಣ್ಣ. ಊರು ಅಲುಗಿದ್ದೇ ತಡ, "ಗುಳ್ಳೆ ಓಡ್ತೈತೆ, ಎಲ್ಲಿ ಹಿಡೀಲಿ, ಗೆರೆ ಇಲ್ವಲ್ಲೋ" ಎಂದು ಕೂಗಿ ರಸಮಟ್ಟ ಬಿಟ್ಟು ಬಾನೆಟ್ ಹಿಡಿದುಕೊಂಡ. ಜಬೀವುಲ್ಲಾನ ಮುಖ ಬಿಳಿಚಿತ್ತು, ಬೆರಳು ಗುಂಡಿಯ ಮೇಲೇ ಇತ್ತು. ನಾನು ಕಿಟಕಿಯಿಂದ ಕೈ ಹಾಕಿ ಹಾಲಮ್ಮನ ಕೈ ಹಿಡಿದಿದ್ದೆ.

"ಈಗ" ಎಂದಳು ಹಾಲಮ್ಮ.

ಅಷ್ಟು ಮೆಲ್ಲಗೆ, ಅಷ್ಟು ಖಚಿತವಾಗಿ ಹೇಳಿದಳು, ಜಬೀವುಲ್ಲಾ ಹಿಂದೆಮುಂದೆ ನೋಡದೆ ಒತ್ತಿಬಿಟ್ಟ. ಊರು ಹೊರಳಿ ಸಂತೆಮಾಳದ ಕಡೆಗೆ ವಾಲಿ ನಿಂತಿತು. ನಾವೆಲ್ಲ ಉಸಿರು ಬಿಗಿಹಿಡಿದು ಗಾಡಿಯನ್ನು ನೋಡಿದೆವು. ಎಂಜಿನ್ ಓಡುತ್ತಲೇ ಇತ್ತು. ಒಂದು ದೀಪ ಹತ್ತಲಿಲ್ಲ. ಬಾಗಿಲು ಬಿಚ್ಚಿಕೊಳ್ಳಲಿಲ್ಲ. ಭಾವನಾಳ ದನಿ ಬರಲಿಲ್ಲ.

"ನಿಮ್ಗೆ ಹೆಂಗೆ ಗೊತ್ತಾಯ್ತು ಅಕ್ಕ?" ಎಂದು ಜಬೀವುಲ್ಲಾ ಕೇಳಿದ.

"ಜ್ವರ ಬಂದಾಗಿಂದ ತಲೆ ತಿರುಗ್ತಾನೇ ಐತಲ್ಲ, ದಿನಾ ಈ ಹೊತ್ತಿಗೆ ಒಂದು ಗಳಿಗೆ ನಿಲ್ಲುತ್ತೆ. ಪೂರ್ತಿ ನಿಲ್ಲುತ್ತೆ. ಆಮೇಲೆ ಮತ್ತೆ ಶುರು." ಅವಳು ನನ್ನ ಕಡೆ ನೋಡಲಿಲ್ಲ, ಹಿಡಿದ ಕೈಯನ್ನು ನೋಡಿದಳು. "ಇವರು ದಿನಾ ಆ ಹೊತ್ತಿಗೆ ಕೈ ಹಿಡ್ಕಂತಾರಲ್ಲ, ಅದಕ್ಕೇ ನಿಲ್ಲುತ್ತೆ ಅನ್ಕಂಡಿದ್ದೆ."

ಓಂಕಾರಣ್ಣ ಬಗ್ಗಿ ರಸಮಟ್ಟ ಹುಡುಕಲು ಶುರುಮಾಡಿದ, ಅದು ಅವನ ಕಾಲ ಬುಡದಲ್ಲೇ ಬಿದ್ದಿತ್ತು. ನನಗೆ ಎಲ್ಲಿ ನೋಡಬೇಕು ಎಂದೇ ತಿಳಿಯಲಿಲ್ಲ. ಇಷ್ಟು ತಿಂಗಳು ಅವಳು ಆ ಒಂದು ಗಳಿಗೆಯ ನೆಮ್ಮದಿಯನ್ನು ನನ್ನ ಲೆಕ್ಕಕ್ಕೆ ಬರೆದಿಟ್ಟಿದ್ದಳು, ಈಗ ಅದು ಊರಿನದ್ದು ಎಂದು ಇಬ್ಬರಿಗೂ ಗೊತ್ತಾಗಿತ್ತು.

ಹೊರಡುವ ಬೆಳಿಗ್ಗೆ ಎದ್ದು ನೋಡಿದರೆ ಓಂಕಾರಣ್ಣ ನಮ್ಮ ಒಳಕೋಣೆಯಿಂದ ಅಡಿಗೆಮನೆಯವರೆಗೆ ಗೋಡೆಗೆ ಬಿದಿರು ಬಡಿಯುತ್ತಿದ್ದ. ಬೆಳಗಿನ ಕೈಗೆ ಒಂದು ಎತ್ತರದಲ್ಲಿ, ಸಂಜೆಯ ಕೈಗೆ ಇನ್ನೊಂದು ಎತ್ತರದಲ್ಲಿ. "ಹೋಗೋರ ಮನೆಗೆ ಯಾಕಣ್ಣ ಬಿದಿರು?" ಎಂದು ಹಾಲಮ್ಮ ಕೇಳಿದಳು. "ನನ್ ಗೆರೆ ತಪ್ಪಾತಲ್ಲಮ್ಮ" ಎಂದಷ್ಟೇ ಹೇಳಿ ಅವನು ಮೊಳೆ ಬಡಿಯುವುದನ್ನು ಮುಂದುವರಿಸಿದ.

ಇಷ್ಟು ದಿನ ಗಾಡಿ ನಿಲ್ಲದಿರಲಿ ಎಂದು ಹರಕೆ ಹೊತ್ತವನು ಆ ಬೆಳಿಗ್ಗೆ ಅದು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹುಣಸೇಮರದ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿದೆ, ಅದರ ಹಳೆಯ ಚಾಳಿ ನೆನಪಾಗಲಿ ಎಂದು. ದರಿದ್ರದ ಗಾಡಿ ಬೆಣ್ಣೆಯಲ್ಲಿ ಜಾರಿದ ಹಾಗೆ ಸಾಗಿತು. ಗಡಿಕಲ್ಲು ದಾಟಿ ಸಪಾಟು ಸೀಮೆಗೆ ಇಳಿದಾಗಲೂ ತುಟಿಪಿಟಕ್ಕೆನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಬಸ್ಸಿಗೆ ಹೊರಟಿದ್ದ ಜಬೀವುಲ್ಲಾ, "ಹೆಂಗೈತೆ ಅಣ್ಣ ಗಾಡಿ!" ಎಂದು ಹಿಗ್ಗಿದ. ಅವನ ಕುತ್ತಿಗೆ ಹಿಚುಕಬೇಕೆನಿಸಿತು. ಬಸ್ ನಿಲ್ದಾಣದಲ್ಲಿ ಅವನು ಇಳಿಯುವಾಗ ಹಾಲಮ್ಮ ಅವನಿಗೆ ಒಂದು ಚೀಲ ಮಂಡಕ್ಕಿ ಕೊಟ್ಟಳು, ನಾನು ಅವನ ಕೈಯನ್ನು ಬೇಗ ಬಿಡಲಿಲ್ಲ.

ಕೊಟ್ರಮ್ಮನ ಅಂಗಳದಲ್ಲಿ ಹಾಲಮ್ಮ ಗಾಡಿಯಿಂದ ಇಳಿದು, ನನ್ನ ಕೈ ಬಿಡಿಸಿಕೊಂಡು, ಒಬ್ಬಳೇ ಬಾಗಿಲವರೆಗೆ ನಡೆದಳು. ಗೋಡೆ ಮುಟ್ಟಲಿಲ್ಲ. ತುಳಸಿಕಟ್ಟೆಯನ್ನು ಒಂದು ಸುತ್ತು ಹಾಕಿ ಬಂದಳು, ಆಮೇಲೆ ಇನ್ನೊಂದು ಸುತ್ತು ಹಾಕಿದಳು. ಅವಳ ಮುಖದಲ್ಲಿ ನಗು ಉಕ್ಕುತ್ತಿತ್ತು. ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು, ಇನ್ನು ಇವಳನ್ನು ಇಲ್ಲಿಂದ ಕರೆದೊಯ್ಯುವ ಮಾತಾಡಿದರೆ ನನ್ನಂಥ ಪಾಪಿ ಇಲ್ಲ ಎಂದುಕೊಂಡೆ. ಅವಳ ಚೀಲ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟೆ. ಕಾಲಿಗೆ ವಾಲಿದ ನೆಲವೇ ರೂಢಿ, ಮನಸ್ಸೂ ಬೇರೆಲ್ಲೋ ಇತ್ತು, ಮುಗ್ಗರಿಸಿ ಮಂಡಿಯೂರಿ ಕೂತುಬಿಟ್ಟೆ.

"ಅಯ್ಯೋ ಭಾವ!" ಎಂದು ಕೊಟ್ರಮ್ಮ ಓಡಿಬಂದಳು. ಅವಳಿಗಿಂತ ಮೊದಲು ಹಾಲಮ್ಮ ಬಂದಿದ್ದಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಕಾಫಿ ಕುಡಿದೆವು, ಊಟಕ್ಕೆ ಎಲೆ ಹಾಕಿದರು. ಕೊಟ್ರಮ್ಮ ಲೋಟದ ಅಂಚಿನವರೆಗೂ ಮಜ್ಜಿಗೆ ತುಂಬಿದಳು. ಮಕ್ಕಳು ಟೀವಿ ನೋಡುತ್ತಿದ್ದರು, ಅವಳ ಗಂಡ ಫೋನಿನಲ್ಲಿದ್ದ. ಅಷ್ಟರಲ್ಲಿ ನಡುಮಧ್ಯಾಹ್ನವಾಯಿತು. ನನ್ನ ಕೈ ತಾನಾಗಿ ಪಕ್ಕಕ್ಕೆ ಚಾಚಿತು, ಅಲ್ಲಿ ಹಾಲಮ್ಮನ ಕೈ ಮೊದಲೇ ಬಂದು ಕಾದಿತ್ತು. ಇಬ್ಬರೂ ಕಣ್ಣು ಮುಚ್ಚಿದೆವು. ಏನೂ ಅಲುಗಲಿಲ್ಲ. ಮಜ್ಜಿಗೆ ಲೋಟದಲ್ಲಿದ್ದ ಹಾಗೇ ಇತ್ತು. ಕೊಟ್ರಮ್ಮನ ಗಂಡ ಫೋನಿನಲ್ಲಿ ಸಿಮೆಂಟಿನ ವಿಷಯ ಮಾತಾಡುತ್ತಲೇ ಇದ್ದ. ಎಷ್ಟು ಹೊತ್ತಿಗೆ ಕೈ ಬಿಡಬೇಕು ಎಂದು ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

"ಇಲ್ಲಿ ಮಧ್ಯಾಹ್ನಾನೇ ಆಗಲ್ವಲ್ರೀ" ಎಂದಳು ಹಾಲಮ್ಮ ಮೆಲ್ಲಗೆ.

ಊಟ ಮುಗಿಸಿ, ತಂಗಿಯ ತಲೆ ಸವರಿ, ತನ್ನ ಚೀಲವನ್ನು ತಾನೇ ಎತ್ತಿಕೊಂಡು ಅಂಗಳಕ್ಕೆ ಬಂದಳು. ಗಾಡಿಯಲ್ಲಿ ಏನೋ ಮರೆತಿರಬೇಕು ಎಂದು ನಾನು ಬಾಗಿಲು ತೆಗೆದುಕೊಟ್ಟೆ. ಅವಳು ಹತ್ತಿ ಕೂತು ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. "ಮತ್ತೆ ಬಿದ್ರೆ ಏನ್ ಮಾಡ್ತೀಯ ಅಕ್ಕ?" ಎಂದು ಕೊಟ್ರಮ್ಮ ಅಳುತ್ತ ಕೇಳಿದಳು. "ಬರ್ತೀನಿ ಅಂದಿದ್ದೆ, ಬಂದೀನಿ. ಬಿದ್ರೆ ಮತ್ತೆ ಬರ್ತೀನಿ ಕಣೇ. ಡಾಕ್ಟ್ರು ಸರಿಹೋಗಬಹುದು ಅಂದ್ರಲ್ಲ, ದಿನಾ ಆ ಒಂದು ಗಳಿಗೆ ನೆಟ್ಟಗೆ ನಿಂತು ನಿಂತು ಅಭ್ಯಾಸ ಮಾಡ್ತೀನಿ. ಓಂಕಾರಣ್ಣ ಬಿದಿರು ಬೇರೆ ಬಡ್ದಿದಾನೆ, ಹಿಡಿಯೋರಿಲ್ದೆ ಹಾಳಾಗುತ್ತೆ" ಎಂದಳು. ನಾನು ಇನ್ನೂ ನಂಬದೆ ನಿಂತಿದ್ದೆ. ಅವಳು ತಲೆಯ ಮೇಲಿದ್ದ, ಸಹಾಯ ಕೇಂದ್ರವನ್ನು ಕರೆಯುವ ಕೆಂಪು ಗುಂಡಿಯನ್ನು ಒತ್ತಿದಳು.

"ಸಹಾಯ ಕೇಂದ್ರದಿಂದ ಭಾವನಾ ಮಾತಾಡ್ತಿದೀನಿ... ಅಮ್ಮ! ನೀವಾ? ಏನಾಯ್ತು? ಹಣೆ ಹೇಗಿದೆ?"

"ಏನೂ ಆಗಿಲ್ಲ ಕಣಮ್ಮ. ಗಾಡಿ ಸರಿ ಹೋತು, ಇನ್ಮೇಲೆ ಅದು ನಿನ್ನ ಕರಿಯಲ್ಲ. ನೀನು ಕಾಯ್ತಿರ್ತೀಯ ಅಂತ ನಾನೇ ಕರ್ದೆ."

ಆ ಕಡೆಯಿಂದ ನಗು ಬಂತು, ಮೂಗು ಎಳೆದುಕೊಂಡ ಸದ್ದೂ ಬಂತು. "ಅಮ್ಮ, ಇವತ್ತು ನೀವು ಮ್ಯಾಪಲ್ಲಿ ಕಾಣಿಸ್ತಿದೀರಾ!"

"ಇನ್ನೊಂದು ಸ್ವಲ್ಪ ಹೊತ್ತು ನೋಡ್ಕೊಳಮ್ಮ, ಆಮೇಲೆ ಕಾಣಲ್ಲ" ಎಂದಳು ಹಾಲಮ್ಮ. "ಮನೆಗೆ ಹೋಗ್ತಿದೀವಿ."

ನಾನು ಈ ಕಡೆಯಿಂದ ಸುತ್ತಿ ಬಂದು ಹತ್ತಿ ಗಾಡಿ ಶುರುಮಾಡಿದೆ. ಕೀ ತಿರುಗಿಸಿದ ಕೂಡಲೇ ಅದು ಟಿಂಗ್ ಟಿಂಗ್ ಎಂದು ಕೂಗಿತು, ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿತು. ಬಗ್ಗಿ ನೋಡಿದರೆ ಪಕ್ಕದ ಸೀಟಿನವರು ಬೆಲ್ಟು ಹಾಕಿಲ್ಲ ಎಂದು ಅದು ಹೇಳುತ್ತಿತ್ತು. ನಿಜವಾಗಿಯೂ ಹಾಲಮ್ಮ ಹಾಕಿರಲಿಲ್ಲ. ಕೊಂಡ ದಿನದಿಂದ ಆ ಗಾಡಿ ನನಗೆ ಹೇಳಿದ ಮೊದಲ ಸರಿಯಾದ ಮಾತು ಅದು. ನಾನು ಕೈ ಚಾಚಿ ಅವಳ ಭುಜದ ಮೇಲಿಂದ ಬೆಲ್ಟು ಎಳೆದು ಹಾಕಿದೆ.